ಕುದುರೆ ಏರಿದವರ ಕಾಲುನೋವು: ಎಲ್ಲಿ ನೋಯುತ್ತದೆ, ಏಕೆ ನೋಯುತ್ತದೆ

ಮೈಸೂರಿನವರಿಗೆ ಕುದುರೆ ಸವಾರಿಯ ಎರಡು ತದ್ವಿರುದ್ಧ ಭಂಗಿಗಳು ಚಿರಪರಿಚಿತ. ಚಾಮುಂಡಿ ಬೆಟ್ಟದ ತಪ್ಪಲಿನ ರೇಸ್‌ಕೋರ್ಸಿನಲ್ಲಿ ಜಾಕಿಯು ರಿಕಾಪುಗಳನ್ನು (ಜೀನಿನಿಂದ ತೂಗುವ, ಪಾದ ಊರುವ ಬಳೆಗಳನ್ನು) ತೀರ ಮೇಲಕ್ಕೆ ಏರಿಸಿಕೊಂಡು, ಮಂಡಿಗಳನ್ನು ಚೂಪಾಗಿ ಮಡಿಸಿ, ಜೀನಿನ ಮೇಲೆ ಕೂರದೆಯೇ ಕುದುರೆಯ ಬೆನ್ನಿನ ಮೇಲೆ ಬಾಗಿ ನಿಂತಿರುತ್ತಾನೆ. ದಸರೆಯ ಜಂಬೂಸವಾರಿಯಲ್ಲಿ ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿಲೋಮೀಟರ್ ದಾರಿಯನ್ನು ನಿಧಾನವಾಗಿ ಕ್ರಮಿಸುವ ಅಶ್ವಾರೋಹಿ ದಳದ ಪೊಲೀಸರು ಉದ್ದನೆಯ ರಿಕಾಪಿನಲ್ಲಿ ಕಾಲನ್ನು ಇಳಿಬಿಟ್ಟು, ಗಂಟೆಗಟ್ಟಲೆ ಜೀನಿನಲ್ಲಿ ನೆಟ್ಟಗೆ ಕುಳಿತಿರುತ್ತಾರೆ. ಜಾಕಿಯ ಭಂಗಿ 1200 ಮೀಟರಿನ ಓಟದ ಒಂದೂಕಾಲು ನಿಮಿಷಕ್ಕೆ ಹೇಳಿಮಾಡಿಸಿದ್ದು. ಪೊಲೀಸರ ಭಂಗಿ ಇಡೀ ಮಧ್ಯಾಹ್ನಕ್ಕೆ ಹೇಳಿಮಾಡಿಸಿದ್ದು. ಹೊಸದಾಗಿ ಸವಾರಿ ಕಲಿಯಲು ಹೊರಟವರ ಕಾಲುನೋವಿನ ಬಹುಪಾಲು ಕಾರಣ ಈ ಎರಡು ಚಿತ್ರಗಳ ನಡುವೆಯೇ ಸಿಗುತ್ತದೆ. ಕುಳಿತು ಮಾಡಬೇಕಾದ ಸವಾರಿಯನ್ನು ಅವರು ಕಾಲಿನಿಂದ ಹಿಡಿದುಕೊಂಡು ಮಾಡುತ್ತಿರುತ್ತಾರೆ.

ಸವಾರಿ ಎಂದ ಮೇಲೆ ಕಾಲು ನೋಯುವುದು ಸಹಜ, ಸಹಿಸಿಕೊಳ್ಳಬೇಕು ಎಂಬ ಮಾತು ಲಾಯಗಳಲ್ಲಿ ಆಗಾಗ ಕೇಳಿಬರುತ್ತದೆ. ಈ ಮಾತು ಅರ್ಧ ಮಾತ್ರ ನಿಜ ಎಂಬುದು ನನ್ನ ಅಭಿಪ್ರಾಯ. ಹೊಸ ಕೆಲಸಕ್ಕೆ ಒಡ್ಡಿದ ಸ್ನಾಯು ನೋಯುವುದು ಸಹಜವೇ ಹೌದು. ಆದರೆ ಮಂಡಿಯ ನೋವು, ಪಾದದ ಜೋಮು, ಒಂದೇ ಕಾಲಿನಲ್ಲಿ ಪದೇಪದೇ ಕಾಣಿಸಿಕೊಳ್ಳುವ ಸೆಳೆತ ಇವು ಸಹಿಸಿಕೊಂಡು ಹೋಗುವ ನೋವುಗಳಲ್ಲ. ಎಲ್ಲಿ ನೋಯುತ್ತದೆ, ಯಾವ ಹೊತ್ತಿನಲ್ಲಿ ನೋಯುತ್ತದೆ ಎಂದು ಗಮನಿಸಿದರೆ ರಿಕಾಪು, ಜೀನು, ಬೂಟು ಅಥವಾ ಕೂರುವ ಕ್ರಮ ಇವುಗಳಲ್ಲಿ ಯಾವುದು ತಪ್ಪಿದೆ ಎಂಬುದು ಬಹುಮಟ್ಟಿಗೆ ಗೊತ್ತಾಗುತ್ತದೆ.

ಮೊದಲು ತೊಡೆಯ ಒಳಭಾಗವನ್ನು ನೋಡೋಣ, ಏಕೆಂದರೆ ಹೊಸ ಸವಾರರಲ್ಲಿ ಬಹುತೇಕರಿಗೆ ಮೊದಲು ನೋಯುವುದು ಅಲ್ಲಿಯೇ. ತೊಡೆಗಳನ್ನು ಒಂದಕ್ಕೊಂದು ಹತ್ತಿರ ತರುವ ಐದು ಸ್ನಾಯುಗಳ ಗುಂಪೊಂದು ತೊಡೆಸಂದಿನ ಮೂಳೆಯಿಂದ ಹೊರಟು ತೊಡೆಮೂಳೆಗೆ ಅಂಟಿಕೊಂಡಿರುತ್ತದೆ. ಅವುಗಳಲ್ಲಿ ಒಂದು ಮಾತ್ರ ಮಂಡಿಯನ್ನು ದಾಟಿ ಅದರ ಕೆಳಗಿನ ಕಣಕಾಲಿನ ಮೂಳೆಯ ಒಳಮಗ್ಗುಲಿಗೆ ಹೋಗಿ ಸೇರುತ್ತದೆ. ದಿನನಿತ್ಯದ ನಡಿಗೆಯಲ್ಲಿ ಈ ಗುಂಪಿಗೆ ಹೇಳಿಕೊಳ್ಳುವಷ್ಟು ಶ್ರಮ ಬೀಳುವುದಿಲ್ಲ. ಕುದುರೆ ಏರಿದಾಗಲಾದರೋ ಅದು ಎರಡು ಬಗೆಯ ಒತ್ತಡಕ್ಕೆ ಒಳಗಾಗುತ್ತದೆ: ಕುದುರೆಯ ಮೈಯ ಅಗಲದಿಂದಾಗಿ ಎಳೆಯಲ್ಪಡುತ್ತದೆ, ಮತ್ತು ಬಿದ್ದೇನೆಂಬ ಭಯದಲ್ಲಿ ಸವಾರ ಕಾಲುಗಳನ್ನು ಬಿಗಿಹಿಡಿಯುವುದರಿಂದ ಬಿಡುವಿಲ್ಲದೆ ಸಂಕುಚಿಸುತ್ತಲೂ ಇರುತ್ತದೆ. ಬಿಗಿಹಿಡಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನು ತಾನೇ ಅಮುಕುತ್ತದೆ; ರಕ್ತದ ಹರಿವು ಕಡಿಮೆಯಾಗಿ ಸ್ನಾಯು ಬೇಗ ದಣಿಯುತ್ತದೆ, ಉರಿಯತೊಡಗುತ್ತದೆ, ನಡುಗುತ್ತದೆ. ಅರ್ಧ ಗಂಟೆಯ ಪಾಠ ಮುಗಿಸಿ ಕೆಳಗಿಳಿದವರ ಕಾಲು ಗಡಗಡ ಅಲುಗುವುದು ಇದೇ ಕಾರಣಕ್ಕೆ.

ಬಿಗಿಹಿಡಿತದಿಂದ ಆಗುವ ಹಾನಿ ನೋವಿನಲ್ಲಿಯೇ ಮುಗಿಯುವುದಿಲ್ಲ. ತೊಡೆ ಮತ್ತು ಮಂಡಿಗಳಿಂದ ಕುದುರೆಯನ್ನು ಒತ್ತಿಹಿಡಿದಷ್ಟೂ ಸವಾರನ ದೇಹ ಜೀನಿನಿಂದ ಮೇಲಕ್ಕೆ ತಳ್ಳಲ್ಪಡುತ್ತದೆ, ಸಮತೋಲ ಇನ್ನಷ್ಟು ಕೆಡುತ್ತದೆ, ಸಮತೋಲ ಕೆಟ್ಟಿತೆಂದು ಹಿಡಿತ ಮತ್ತಷ್ಟು ಬಿಗಿಯಾಗುತ್ತದೆ. ಮಂಡಿ ಒಂದು ತಿರುಗಣಿಯಂತಾಗಿ ಅದರ ಕೆಳಗಿನ ಕಾಲು ಹಿಂದಕ್ಕೂ ಮುಂದಕ್ಕೂ ತೂಗಾಡತೊಡಗುತ್ತದೆ. ಕುದುರೆಗಾದರೋ ಕಾಲಿನ ಒತ್ತಡವೆಂದರೆ ಮುಂದೆ ಸಾಗು ಎಂಬ ಸೂಚನೆ. ಅದು ವೇಗ ಹೆಚ್ಚಿಸುತ್ತದೆ, ಸವಾರ ಲಗಾಮು ಎಳೆಯುತ್ತಾನೆ, ಸಾಗು ಮತ್ತು ನಿಲ್ಲು ಎಂಬ ಎರಡು ಅಪ್ಪಣೆಗಳನ್ನು ಒಟ್ಟಿಗೆ ಪಡೆದ ಪ್ರಾಣಿ ಗಲಿಬಿಲಿಗೊಳ್ಳುತ್ತದೆ. ತೊಡೆಯ ನೋವಿಗೆ ಪರಿಹಾರ ಹುಡುಕುವುದು ಕುದುರೆಯ ಹಿತಕ್ಕೂ ಅಗತ್ಯ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಹಾಗಾದರೆ ಕಾಲು ಹೇಗಿರಬೇಕು? ನೆನೆದ ಪಂಚೆಯನ್ನು ತಂತಿಯ ಮೇಲೆ ಹರವಿದಾಗ ಅದು ತನ್ನ ಭಾರಕ್ಕೇ ಎರಡೂ ಕಡೆ ಇಳಿಬೀಳುವಂತೆ ಕಾಲುಗಳು ಸೊಂಟದಿಂದ ಇಳಿಬಿದ್ದಿರಬೇಕು. ದೇಹದ ಭಾರವನ್ನು ಹೊರಬೇಕಾದದ್ದು ಕೂರುವಾಗ ನೆಲಕ್ಕೆ ತಾಗುವ ಎರಡು ಮೂಳೆಗಳು. ಉಳಿದ ಸ್ವಲ್ಪ ಭಾರ ತೊಡೆಯ ಮೂಲಕ ಹಿಮ್ಮಡಿಯತ್ತ ಇಳಿಯಬೇಕು. ಇದನ್ನು ಕಲಿಯುವ ಅತ್ಯುತ್ತಮ ವಿಧಾನವೆಂದರೆ, ಶಿಕ್ಷಕರು ಉದ್ದ ಹಗ್ಗದಲ್ಲಿ ಕುದುರೆಯನ್ನು ವೃತ್ತಾಕಾರವಾಗಿ ನಡೆಸುತ್ತಿರುವಾಗ ರಿಕಾಪಿನಿಂದ ಪಾದಗಳನ್ನು ಹೊರತೆಗೆದು ಕಾಲುಗಳನ್ನು ಜೋತುಬಿಟ್ಟು ಕೂರುವುದು. ಲಗಾಮಿನ ಚಿಂತೆ ಶಿಕ್ಷಕರದಾಗಿರುವುದರಿಂದ ಸವಾರನ ಗಮನವೆಲ್ಲ ತನ್ನ ಸೊಂಟದ ಮೇಲಿರುತ್ತದೆ. ಒಂದೊಂದೇ ಕಾಲನ್ನು ಜೀನಿನಿಂದ ತುಸು ಹೊರಕ್ಕೆ ಎತ್ತಿ ಇಳಿಬಿಡುವುದು, ಪಾದವನ್ನು ಹರಡಿನಲ್ಲಿ (ಪಾದದ ಮೇಲಿನ ಕೀಲಿನಲ್ಲಿ) ಸುತ್ತಿಸುವುದು ಮುಂತಾದ ಸಣ್ಣ ಅಭ್ಯಾಸಗಳಿಂದ ಬಿಗಿ ಎಲ್ಲಿ ಕುಳಿತಿದೆ ಎಂಬುದು ತಿಳಿಯುತ್ತದೆ. ಉಸಿರನ್ನು ಹಿಡಿದುಕೊಂಡವರ ತೊಡೆಯೂ ಬಿಗಿದಿರುತ್ತದೆಯಾದ್ದರಿಂದ, ಪಾಠದ ನಡುವೆ ಶಿಷ್ಯನನ್ನು ಮಾತನಾಡಿಸುತ್ತಿರುವ ಶಿಕ್ಷಕರು ನಿಜಕ್ಕೂ ಒಳ್ಳೆಯ ಕೆಲಸ ಮಾಡುತ್ತಿರುತ್ತಾರೆ.

ಸವಾರಿಯ ಮರುದಿನ ಅಥವಾ ಮೂರನೆಯ ದಿನ ಮೆಟ್ಟಿಲು ಇಳಿಯಲಾಗದಷ್ಟು ತೊಡೆ ನೋಯುವುದು ಬೇರೆ ಸಂಗತಿ. ಅಭ್ಯಾಸವಿಲ್ಲದ ಶ್ರಮದಿಂದ ಸ್ನಾಯುವಿನ ಎಳೆಗಳಲ್ಲಿ ಸೂಕ್ಷ್ಮ ಹಾನಿಯಾಗಿ, ಅದು ದುರಸ್ತಿಯಾಗುವ ಹಂತದಲ್ಲಿ ಉಂಟಾಗುವ ನೋವು ಇದು. 24ರಿಂದ 72 ಗಂಟೆಗಳ ನಡುವೆ ಹೆಚ್ಚಾಗಿದ್ದು ಬಳಿಕ ತಾನಾಗಿಯೇ ಇಳಿಯುತ್ತದೆ. ಲ್ಯಾಕ್ಟಿಕ್ ಆಮ್ಲ ಸೇರಿಕೊಂಡಿದ್ದರಿಂದ ನೋಯುತ್ತಿದೆ ಎಂದು ಹಲವರು ಹೇಳುತ್ತಾರಾದರೂ, ಆ ಆಮ್ಲ ಶ್ರಮ ನಿಂತ ಒಂದೆರಡು ಗಂಟೆಗಳಲ್ಲೇ ರಕ್ತದಿಂದ ತೊಲಗಿರುತ್ತದೆ. ಹಾಸಿಗೆ ಹಿಡಿದು ಮಲಗುವುದಕ್ಕಿಂತ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಿಧಾನವಾಗಿ ನಡೆದರೆ ಈ ನೋವು ಬೇಗ ಹತೋಟಿಗೆ ಬರುತ್ತದೆ. ಬಿಸಿನೀರಿನ ಸ್ನಾನ ಹಿತಕರ. ಎಣ್ಣೆ ಹಚ್ಚಿ ಮೃದುವಾಗಿ ನೀವುವುದರಲ್ಲಿ ತೊಂದರೆಯಿಲ್ಲ. ಆದರೆ ತಟಕ್ಕನೆ ಸೆಳೆದು ನೋವು ಬಂದ ಜಾಗವನ್ನು, ಬಾತುಕೊಂಡ ಅಥವಾ ಕಂದುಗಟ್ಟಿದ ಭಾಗವನ್ನು ಬಲವಾಗಿ ತಿಕ್ಕಿಸಬಾರದು. ಅಂತಹ ಪೆಟ್ಟಿಗೆ ಮೊದಲ ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಒಮ್ಮೆಗೆ 15ರಿಂದ 20 ನಿಮಿಷ ಇಡುವುದು ಸೂಕ್ತ.

ಮಂಡಿಯ ನೋವನ್ನು ತೊಡೆಯ ನೋವಿನಷ್ಟು ಹಗುರವಾಗಿ ಕಾಣಲಾಗದು. ಮಂಡಿಯ ಮುಂಭಾಗದಲ್ಲಿ, ಚಿಪ್ಪಿನ ಸುತ್ತ ನೋಯುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಗಿಡ್ಡವಾದ ರಿಕಾಪನ್ನು. ಮಂಡಿ ಹೆಚ್ಚು ಮಡಿಸಿದಷ್ಟೂ ಚಿಪ್ಪು ತೊಡೆಮೂಳೆಯ ಮೇಲೆ ಬಲವಾಗಿ ಒತ್ತುತ್ತದೆ. ಆ ಸ್ಥಿತಿಯಲ್ಲಿ ಟ್ರಾಟ್ (ಕುದುರೆಯ ಮಧ್ಯಮ ವೇಗದ ಕುಲುಕು ಓಟ) ಮಾಡುವಾಗ ನಿಮಿಷಕ್ಕೆ ಸುಮಾರು 80 ಬಾರಿ ಎದ್ದು ಕುಳಿತರೆ ಚಿಪ್ಪಿನ ಹಿಂಬದಿ ಎಷ್ಟು ಸವೆಯಬಹುದೆಂದು ಊಹಿಸಬಹುದು. ಜಾಕಿಗಳಂತೆ ರಿಕಾಪು ಮೇಲೇರಿಸಿಕೊಂಡರೆ ಹೆಚ್ಚು ಭದ್ರ ಎಂಬ ಭಾವನೆ ಕಲಿಯುವವರಲ್ಲಿದೆ, ಅದು ಸರಿಯಲ್ಲ. ರಿಕಾಪು ಅತಿ ಉದ್ದವಾದರೂ ತೊಂದರೆಯೇ: ಪಾದ ಅದನ್ನು ಹುಡುಕುತ್ತ ಹೆಬ್ಬೆರಳ ತುದಿಯಲ್ಲಿ ನಿಲ್ಲುತ್ತದೆ, ಮೀನಖಂಡ ಸೆಟೆಯುತ್ತದೆ, ಸವಾರ ತೊಡೆಸಂದಿನ ಮೇಲೆ ಮುಂದಕ್ಕೆ ಬಾಗುತ್ತಾನೆ.

ಅಳತೆ ನೋಡುವ ಕ್ರಮ ಸುಲಭವಾಗಿದೆ. ನೆಲದ ಮೇಲೆ ನಿಂತು, ರಿಕಾಪಿನ ಪಟ್ಟಿಯನ್ನು ಜೀನಿಗೆ ತಗುಲಿಸಿರುವ ಕಬ್ಬಿಣದ ಮೇಲೆ ಬೆರಳ ತುದಿ ಇರಿಸಿ, ಇನ್ನೊಂದು ಕೈಯಿಂದ ರಿಕಾಪನ್ನು ತೋಳಿನುದ್ದಕ್ಕೂ ಎಳೆದರೆ ಅದರ ತಳ ಕಂಕುಳನ್ನು ಮುಟ್ಟಬೇಕು. ಇದು ಅಂದಾಜು ಅಳತೆ. ಹತ್ತಿ ಕುಳಿತ ಮೇಲೆ ಪಾದಗಳನ್ನು ಹೊರತೆಗೆದು ಕಾಲು ಜೋತುಬಿಟ್ಟಾಗ ರಿಕಾಪಿನ ತಳ ಹರಡಿನ ಮೂಳೆಯ ಮಟ್ಟಕ್ಕೆ ಬಂದರೆ ಸಾಮಾನ್ಯ ಸವಾರಿಗೆ ಅದು ಸರಿಯಾದ ಉದ್ದ. ತಡೆಗಳನ್ನು ಜಿಗಿಯುವ ಅಭ್ಯಾಸಕ್ಕೆ ಒಂದೆರಡು ರಂಧ್ರ ಮೇಲಕ್ಕೆ ಹೋಗಬೇಕಾಗುತ್ತದೆ.

ಮಂಡಿಯ ಒಳಪಕ್ಕ ಅಥವಾ ಹೊರಪಕ್ಕ ನೋಯುವುದಕ್ಕೆ ಉದ್ದದ ಸಂಬಂಧ ಕಡಿಮೆ, ತಿರುಚುವಿಕೆಯ ಸಂಬಂಧ ಹೆಚ್ಚು. ರಿಕಾಪು ತಾನಾಗಿ ಜೋತಾಡುವಾಗ ಕುದುರೆಯ ಪಕ್ಕೆಗೆ ಚಪ್ಪಟೆಯಾಗಿ ಅಂಟಿಕೊಂಡಿರುತ್ತದೆ. ಪಾದ ತೂರಿಸಬೇಕಾದರೆ ಅದನ್ನು ಕಾಲು ವೃತ್ತದಷ್ಟು ತಿರುಗಿಸಬೇಕು. ಹೊಸ ದಪ್ಪ ಚರ್ಮದ ಪಟ್ಟಿಯಾದರೆ ಅದು ಮತ್ತೆ ತನ್ನ ಹಳೆಯ ದಿಕ್ಕಿಗೆ ತಿರುಗಲು ಸವಾರಿಯುದ್ದಕ್ಕೂ ಎಳೆಯುತ್ತಲೇ ಇರುತ್ತದೆ, ಆ ಎಳೆತವನ್ನು ತಡೆಯುವ ಕೆಲಸ ಹರಡು ಮತ್ತು ಮಂಡಿಯ ಮೇಲೆ ಬೀಳುತ್ತದೆ. ಪಾಠ ಮುಗಿದ ನಂತರ ಎರಡೂ ರಿಕಾಪುಗಳನ್ನು ಸರಿಯಾದ ದಿಕ್ಕಿಗೆ ತಿರುಗಿಸಿ, ಅವುಗಳ ನಡುವೆ ಒಂದು ಕೋಲು ತೂರಿಸಿ ರಾತ್ರಿಯಿಡೀ ಬಿಟ್ಟರೆ ಚರ್ಮ ಕ್ರಮೇಣ ಆ ತಿರುವನ್ನು ಕಲಿಯುತ್ತದೆ. ಖರ್ಚಿಲ್ಲದ ಉಪಾಯ ಇದು. ಪಟ್ಟಿ ತೂರಿಸುವ ಕಿಂಡಿಯೇ ಅಡ್ಡಕ್ಕೆ ತಿರುಗಿರುವ ರಿಕಾಪುಗಳೂ ದೊರೆಯುತ್ತವೆ. ಮಂಡಿ ಸವೆತವಿರುವ ಹಿರಿಯರಿಗೆ ಅವು ಬಹಳ ಅನುಕೂಲ.

ಪಾದದ ತುದಿ ನೇರವಾಗಿ ಮುಂದಕ್ಕೇ ಇರಬೇಕೆಂಬ ಹಟವೂ ಮಂಡಿಯನ್ನು ಕೆಡಿಸುತ್ತದೆ. ತೊಡೆಮೂಳೆ ಸೊಂಟದ ಗುಳಿಯಲ್ಲಿ ಕೂರುವ ಕೋನ ಎಲ್ಲರಿಗೂ ಒಂದೇ ಇರುವುದಿಲ್ಲ. ನಡೆಯುವಾಗ ಪಾದ ಸಹಜವಾಗಿ ತುಸು ಹೊರಕ್ಕೆ ತಿರುಗುವವರು ಕುದುರೆಯ ಮೇಲೂ ತುಸು ಹೊರಕ್ಕೆ ತಿರುಗಿರುವುದೇ ಸರಿ. ಮಂಡಿ ನೋಡುವ ದಿಕ್ಕಿಗೇ ಪಾದವೂ ನೋಡಬೇಕು. ಕೇವಲ ಪಾದವನ್ನು ಒಳಕ್ಕೆ ತಿರುಚಿದರೆ ಮಧ್ಯೆ ಸಿಕ್ಕ ಮಂಡಿ ಪೆಟ್ಟು ತಿನ್ನುತ್ತದೆ; ದಿಕ್ಕು ಬದಲಿಸಬೇಕಿದ್ದರೆ ಇಡೀ ಕಾಲನ್ನು ಸೊಂಟದಿಂದ ತಿರುಗಿಸಬೇಕು.

ಹರಡು ಮತ್ತು ಕಣಕಾಲಿನ ಮುಂಭಾಗದ ನೋವಿಗೆ ಬಹುಮಟ್ಟಿಗೆ ಹಿಮ್ಮಡಿ ಕೆಳಗೆ ಎಂಬ ಸೂಚನೆಯನ್ನು ತಪ್ಪಾಗಿ ಅರ್ಥ ಮಾಡಿಕೊಂಡಿರುವುದೇ ಕಾರಣ. ಮೇಲಿನ ಕಾಲು ಸಡಿಲವಾಗಿದ್ದರೆ ಭಾರ ಇಳಿದು ಹಿಮ್ಮಡಿ ತಾನಾಗಿ ಕೆಳಗಾಗುತ್ತದೆ. ಅದನ್ನು ಬಲವಂತವಾಗಿ ಒತ್ತಿದರೆ ಹರಡಿನ ಕೀಲು ಬಿಗಿದು, ಕುದುರೆಯ ಪ್ರತಿ ಹೆಜ್ಜೆಯ ಹೊಡೆತವೂ ನೇರವಾಗಿ ಮಂಡಿಗೆ ಮತ್ತು ಸೊಂಟಕ್ಕೆ ಏರುತ್ತದೆ, ಕಾಲೂ ಮುಂದಕ್ಕೆ ಚಾಚಿಕೊಳ್ಳುತ್ತದೆ. ರಿಕಾಪಿನ ಮೇಲೆ ಪಾದದ ಅತ್ಯಂತ ಅಗಲವಾದ ಭಾಗ ಇರಬೇಕು, ಭಾರ ಪಾದದ ಹೊರ ಅಂಚಿಗೆ ವಾಲಬಾರದು. ಹೊರ ಅಂಚಿಗೆ ವಾಲಿಸುವವರಿಗೆ ಕಿರುಬೆರಳು ಮರಗಟ್ಟುವುದು ಸಾಮಾನ್ಯ.

ಬೆರಳುಗಳು ಜೋಮು ಹಿಡಿಯುವುದಕ್ಕೆ ಇನ್ನೂ ಎರಡು ಕಾರಣಗಳಿವೆ: ಮುಂಭಾಗದಲ್ಲಿ ಇಕ್ಕಟ್ಟಾದ ಬೂಟು, ಮತ್ತು ಅಗಲ ಸಾಲದ ರಿಕಾಪು. ಬೂಟಿನ ಎರಡೂ ಪಕ್ಕಗಳಲ್ಲಿ ಸುಮಾರು ಒಂದೊಂದು ಸೆಂಟಿಮೀಟರ್ ಜಾಗ ಉಳಿಯುವಷ್ಟು ರಿಕಾಪು ಅಗಲವಿರಬೇಕು. ಅದಕ್ಕಿಂತ ಕಿರಿದಾದರೆ ಬೀಳುವಾಗ ಪಾದ ಸಿಕ್ಕಿಕೊಳ್ಳುತ್ತದೆ. ತೀರ ಅಗಲವಾದರೆ ಪಾದ ಪೂರ್ತಿ ತೂರಿಹೋಗಿ ಅಷ್ಟೇ ಅಪಾಯವಾಗುತ್ತದೆ. ಹಿಮ್ಮಡಿ ಇಲ್ಲದ ಚಪ್ಪಟೆ ತಳದ ಕ್ಯಾನ್ವಾಸ್ ಶೂ ಧರಿಸಿ ಬರುವ ಕಾಲೇಜು ಹುಡುಗರನ್ನು ಕಂಡಾಗ ನನಗೆ ಆತಂಕವಾಗುತ್ತದೆ. ನೋವಿನ ಮಾತು ಹಾಗಿರಲಿ, ಕುದುರೆ ಬೆದರಿ ಓಡಿದರೆ ಪಾದ ಹೊರಬಾರದೆ ನೆಲದ ಮೇಲೆ ಎಳೆದುಕೊಂಡು ಹೋಗುವ ಸಂಭವವಿರುತ್ತದೆ. ಗಟ್ಟಿಯಾದ ತಳ, ಎರಡು ಸೆಂಟಿಮೀಟರಿನಷ್ಟಾದರೂ ಹಿಮ್ಮಡಿ, ಹರಡು ಮುಚ್ಚುವ ಎತ್ತರ ಇವು ಸವಾರಿಯ ಬೂಟಿಗೆ ಕನಿಷ್ಠ ಅಗತ್ಯ.

ಬಟ್ಟೆಯ ವಿಚಾರವನ್ನು ಚಿಕ್ಕದಾಗಿ ಹೇಳಿಬಿಡಬಹುದು. ಜೀನ್ಸ್ ಪ್ಯಾಂಟಿನ ಒಳಮಗ್ಗುಲಿನ ದಪ್ಪ ಹೊಲಿಗೆ ತೊಡೆ ಮತ್ತು ಮಂಡಿಯನ್ನು ಉಜ್ಜಿ ಚರ್ಮ ಕಿತ್ತುಬಿಡುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಬೆವರು ಸೇರಿದರೆ ಗಾಯ ಖಚಿತ. ಒಳಹೊಲಿಗೆಯ ಕಾಟವಿಲ್ಲದ, ಹಿಗ್ಗುವ ಬಟ್ಟೆಯ ಸವಾರಿ ಪ್ಯಾಂಟು, ಮಂಡಿಯ ತನಕ ಬರುವ ಕಾಲುಚೀಲ ಮತ್ತು ಮೀನಖಂಡಕ್ಕೆ ಸುತ್ತುವ ಚರ್ಮದ ಹೊದಿಕೆ ಇದ್ದರೆ ರಿಕಾಪಿನ ಪಟ್ಟಿ ಕಾಲನ್ನು ಚಿವುಟುವುದಿಲ್ಲ.

ಒಂದೇ ಕಾಲು ನೋಯುತ್ತಿದ್ದರೆ ಏನು ಮಾಡಬೇಕು? ಇಲ್ಲಿ ಹೆಚ್ಚಿನವರು ತಮ್ಮ ದೇಹವನ್ನೇ ಅನುಮಾನಿಸುತ್ತಾರೆ, ಆದರೆ ಮೊದಲು ಜೀನನ್ನು ಪರೀಕ್ಷಿಸುವುದು ಒಳಿತು. ಬಹುತೇಕ ಎಲ್ಲರೂ ಕುದುರೆಯನ್ನು ಎಡಗಡೆಯಿಂದಲೇ ಹತ್ತುವುದರಿಂದ ಎಡ ರಿಕಾಪಿನ ಪಟ್ಟಿ ವರ್ಷಗಳಲ್ಲಿ ಹಿಗ್ಗಿ ಬಲದ ಪಟ್ಟಿಗಿಂತ ಉದ್ದವಾಗಿರುತ್ತದೆ. ಎರಡರಲ್ಲೂ ಕೊಂಡಿಯನ್ನು ಐದನೆಯ ರಂಧ್ರಕ್ಕೇ ಹಾಕಿದ್ದರೂ ಎರಡು ಪಾದಗಳ ಮಟ್ಟ ಒಂದೇ ಆಗಿರುವುದಿಲ್ಲ. ಪಟ್ಟಿಗಳನ್ನು ಬಿಚ್ಚಿ ಪಕ್ಕಪಕ್ಕದಲ್ಲಿ ಹಿಡಿದು ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಆಗಾಗ ಎಡದ ಪಟ್ಟಿಯನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಬದಲಾಯಿಸುವ ರೂಢಿ ಇಟ್ಟುಕೊಂಡ ಲಾಯಗಳಲ್ಲಿ ಈ ದೂರು ಕಡಿಮೆ. ನೆಲದಿಂದ ಹತ್ತುವ ಬದಲು ಕಟ್ಟೆ ಅಥವಾ ಸ್ಟೂಲಿನ ಮೇಲಿಂದ ಹತ್ತಿದರೆ ಪಟ್ಟಿಯೂ ಉಳಿಯುತ್ತದೆ, ಸವಾರನ ಎಡಮಂಡಿಯೂ ಉಳಿಯುತ್ತದೆ, ಕುದುರೆಯ ಬೆನ್ನೂ ಒಂದೇ ಕಡೆಗೆ ಎಳೆಯಲ್ಪಡುವುದಿಲ್ಲ. ಟ್ರಾಟ್ ಮಾಡುವಾಗ ಕುದುರೆಯ ಯಾವ ಭುಜದೊಂದಿಗೆ ಏಳುತ್ತೇವೆ ಎಂಬುದನ್ನೂ ದಿಕ್ಕು ಬದಲಾದಂತೆ ಬದಲಿಸುತ್ತಿರಬೇಕು.

ಜೀನಿನ ಗಾತ್ರವೂ ಮುಖ್ಯ. ಸವಾರನ ಹಿಂಬದಿಗೂ ಜೀನಿನ ಹಿಂಭಾಗದ ಅಂಚಿಗೂ ನಡುವೆ ಒಂದು ಅಂಗೈ ಅಗಲದಷ್ಟು ಜಾಗವಿರಬೇಕು. ರಿಕಾಪು ತೂಗುವ ಕಬ್ಬಿಣ ತೀರ ಮುಂದಿದ್ದರೆ ಸವಾರ ಏನೇ ಮಾಡಿದರೂ ಕುರ್ಚಿಯಲ್ಲಿ ಕುಳಿತ ಭಂಗಿಗೆ ಜಾರುತ್ತಾನೆ. ಅದು ಅವನ ದೋಷವಲ್ಲ. ತೊಡೆಗಳ ನಡುವೆ ಬರುವ ಭಾಗ ಅತಿ ಅಗಲವಾಗಿದ್ದರೆ ಸೊಂಟದ ಕೀಲು ನೋಯುತ್ತದೆ. ಕಲಿಯುವವರು ಇಂಥದ್ದನ್ನು ಗಟ್ಟಿಯಾಗಿ ಹೇಳಿ ಬೇರೆ ಜೀನು ಅಥವಾ ಕಿರಿದಾದ ಮೈಯ ಕುದುರೆಯನ್ನು ಕೇಳುವುದರಲ್ಲಿ ಸಂಕೋಚಪಡಬೇಕಾಗಿಲ್ಲ.

ದಿನವಿಡೀ ಕಂಪ್ಯೂಟರಿನ ಮುಂದೆ ಕುಳಿತು ಭಾನುವಾರ ಬೆಳಿಗ್ಗೆ ಮಾತ್ರ ಸವಾರಿಗೆ ಬರುವವರ ಸಮಸ್ಯೆ ಕುದುರೆ ಏರುವ ಮೊದಲೇ ಶುರುವಾಗಿರುತ್ತದೆ. ಸದಾ ಕುರ್ಚಿಯಲ್ಲಿ ಕೂರುವವರ ಸೊಂಟದ ಮುಂಭಾಗದ ಸ್ನಾಯುಗಳು ಬಿಗಿದುಕೊಂಡು ಕಾಲು ಕೆಳಕ್ಕೆ ಇಳಿಯಲು ಬಿಡುವುದಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವ, ಕುಕ್ಕರಗಾಲಿನಲ್ಲಿ ಕುಳಿತು ಕೆಲಸ ಮಾಡುವ ರೂಢಿ ಉಳಿಸಿಕೊಂಡವರ ಸೊಂಟ ಜೀನಿಗೆ ಬೇಗ ಒಗ್ಗುತ್ತದೆ ಎಂಬುದನ್ನು ನಾನು ಮತ್ತೆ ಮತ್ತೆ ಗಮನಿಸಿದ್ದೇನೆ. ಯೋಗಕ್ಕೆ ಹೆಸರಾದ ನಮ್ಮ ಊರಿನಲ್ಲಿ ಬೇಕಾದ ವ್ಯಾಯಾಮವನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ: ಬದ್ಧಕೋಣಾಸನ ತೊಡೆಯ ಒಳಭಾಗವನ್ನು ಸಡಿಲಿಸುತ್ತದೆ, ಒಂದು ಮಂಡಿ ನೆಲಕ್ಕೂರಿ ಮಾಡುವ ಆಂಜನೇಯಾಸನ ಸೊಂಟದ ಮುಂಭಾಗವನ್ನು ಬಿಡಿಸುತ್ತದೆ, ಸೇತುಬಂಧಾಸನ ಪೃಷ್ಠದ ಸ್ನಾಯುಗಳಿಗೆ ಬಲ ಕೊಡುತ್ತದೆ. ಮೆಟ್ಟಿಲ ಅಂಚಿನಲ್ಲಿ ಪಾದದ ಮುಂಭಾಗವನ್ನು ಊರಿ ಹಿಮ್ಮಡಿಯನ್ನು ನಿಧಾನವಾಗಿ ಇಳಿಸುವುದು ಮೀನಖಂಡಕ್ಕೆ ಒಳ್ಳೆಯದು. ಒಂದೊಂದನ್ನೂ ಸುಮಾರು 30 ಸೆಕೆಂಡ್ ಹಿಡಿದು, ಎರಡು ಮೂರು ಸಲ, ವಾರದ ಬಹುತೇಕ ದಿನಗಳಲ್ಲಿ ಮಾಡಬೇಕು. ಭಾನುವಾರ ಕುದುರೆಯ ಪಕ್ಕದಲ್ಲಿ ನಿಂತು ಒಮ್ಮೆಲೇ ಎಳೆದಾಡಿದರೆ ಪ್ರಯೋಜನವಿಲ್ಲ. ಹತ್ತುವ ಮುನ್ನ ಹತ್ತು ನಿಮಿಷ ಚುರುಕಾಗಿ ನಡೆಯುವುದು ಅದಕ್ಕಿಂತ ಲೇಸು, ಕುದುರೆಯನ್ನು ನಾವೇ ಹಿಡಿದು ನಡೆಸಿದರೆ ಇಬ್ಬರ ಮೈಯೂ ಬೆಚ್ಚಗಾಗುತ್ತದೆ.

ಸವಾರಿಯ ನಡುವೆ ನೋವು ಶುರುವಾದರೆ ಕುದುರೆಯನ್ನು ನಡಿಗೆಗೆ ತಂದು, ಶಿಕ್ಷಕರಿಗೆ ತಿಳಿಸಿ, ರಿಕಾಪಿನಿಂದ ಪಾದ ತೆಗೆದು ಕಾಲನ್ನು ಜೋತುಬಿಡಬೇಕು. ದೂರದ ಸವಾರಿಯಾದರೆ ನಡುನಡುವೆ ಇಳಿದು ಕುದುರೆಯ ಪಕ್ಕದಲ್ಲಿ ನಡೆಯುವುದು ಹಿಂದಿನ ಅಶ್ವಸೈನ್ಯಗಳೂ ಪಾಲಿಸುತ್ತಿದ್ದ ಕ್ರಮ. ಇಳಿಯುವಾಗ ಎರಡೂ ಪಾದಗಳನ್ನು ರಿಕಾಪಿನಿಂದ ಬಿಡಿಸಿಕೊಂಡು, ಜೀನನ್ನು ಹಿಡಿದು, ಮಂಡಿಗಳನ್ನು ತುಸು ಮಡಿಸಿ ನೆಲ ಮುಟ್ಟಬೇಕು. ದಣಿದ ಕಾಲು ಒಮ್ಮೆಲೇ ಸೆಟೆದು ನಿಂತರೆ ಹರಡು ಉಳುಕುವುದು ಸುಲಭ. ನೋವು ಗೊತ್ತಾಗದಿರಲೆಂದು ಮೊದಲೇ ಮಾತ್ರೆ ನುಂಗಿ ಕುದುರೆ ಏರುವುದನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ, ಏಕೆಂದರೆ ನಿಲ್ಲಿಸು ಎಂದು ಹೇಳಬೇಕಾದ ಸಂಕೇತವನ್ನೇ ಅದು ಅಡಗಿಸುತ್ತದೆ.

ಕೆಲವು ಲಕ್ಷಣಗಳಿಗೆ ಮಾತ್ರ ಮನೆಮದ್ದು ಕೂಡದು. ಬಿದ್ದ ಮೇಲೆ ಕಾಲಿನ ಮೇಲೆ ಭಾರ ಊರಲಾಗದಿದ್ದರೆ, ಮಂಡಿ ಊದಿಕೊಂಡರೆ ಅಥವಾ ಮಡಿಸಿದ್ದು ಬಿಡಿಸಲಾಗದೆ ಸಿಕ್ಕಿಕೊಂಡರೆ ಅದೇ ದಿನ ಎಕ್ಸ್‌ರೇ ಮಾಡಿಸಬೇಕು. ಒಂದೇ ಮೀನಖಂಡ ಬಾತು, ಬೆಚ್ಚಗಾಗಿ, ಮುಟ್ಟಿದರೆ ನೋಯುತ್ತಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರುವ ಸಾಧ್ಯತೆಯಿದ್ದು ತುರ್ತು ಚಿಕಿತ್ಸೆ ಬೇಕು. ವಿಪರೀತ ಸ್ನಾಯುನೋವಿನೊಂದಿಗೆ ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದರೂ ಹಾಗೆಯೇ. ಜೀನಿಗೆ ತಾಗುವ ಜಾಗವೆಲ್ಲ ಮರಗಟ್ಟಿ, ಮೂತ್ರದ ಹತೋಟಿ ತಪ್ಪಿ, ಕಾಲುಗಳ ಬಲ ಕುಗ್ಗಿದರೆ ಬೆನ್ನುಹುರಿಯ ಕೆಳತುದಿಯ ನರಗಳು ಅಮುಕಿರಬಹುದು. ಅಲ್ಲಿ ಗಂಟೆಗಳ ವಿಳಂಬವೂ ಶಾಶ್ವತ ಹಾನಿಗೆ ದಾರಿಯಾಗುತ್ತದೆ. ಬೆನ್ನಿನಿಂದ ಪಾದದವರೆಗೆ ಹರಿಯುವ ಸೆಳೆತ, ತೊಡೆಸಂದಿನ ಆಳದಲ್ಲಿ ವಾರಗಟ್ಟಲೆ ಉಳಿಯುವ ನೋವು, ರಾತ್ರಿ ನಿದ್ದೆಗೆಡಿಸುವ ನೋವು ಇವುಗಳನ್ನು ಮೂಳೆ ತಜ್ಞರಿಗೆ ಅಥವಾ ಫಿಸಿಯೋಥೆರಪಿಸ್ಟರಿಗೆ ತೋರಿಸಬೇಕು. ಮಂಡಿ ಅಥವಾ ಸೊಂಟದ ಕೀಲು ಬದಲಿಸಿಕೊಂಡವರು ಶಸ್ತ್ರಚಿಕಿತ್ಸಕರ ಒಪ್ಪಿಗೆಯಿಲ್ಲದೆ ಜೀನು ಏರಬಾರದು.

ಸ್ನಾಯು ಸೆಳೆದುಕೊಂಡು ವಿಶ್ರಾಂತಿಯಲ್ಲಿದ್ದವರು ಮರಳುವ ಮುನ್ನ ಮೂರು ಸಂಗತಿಗಳನ್ನು ನೋಡಿಕೊಳ್ಳಬೇಕು: ನೋವಿಲ್ಲದೆ ಮೆಟ್ಟಿಲು ಹತ್ತಿ ಇಳಿಯಲು, ಕುಕ್ಕರಗಾಲಿನಲ್ಲಿ ಕುಳಿತು ಏಳಲು, ಮಂಡಿಗಳ ನಡುವೆ ದಿಂಬನ್ನಿಟ್ಟು ಒತ್ತಲು ಆಗುತ್ತಿರಬೇಕು. ಮೊದಲ ಪಾಠ ಸಾಧು ಸ್ವಭಾವದ ಕುದುರೆಯ ಮೇಲೆ ಬರೀ ನಡಿಗೆಯಲ್ಲಿ, 20 ನಿಮಿಷಕ್ಕೆ ಮೀರದಂತೆ ಇರಲಿ. ಮರುದಿನವೂ ಅದರ ಮರುದಿನವೂ ಕಾಲು ಸರಿಯಾಗಿದ್ದರೆ ಮಾತ್ರ ಮುಂದಿನ ಪಾಠದಲ್ಲಿ ಟ್ರಾಟ್ ಸೇರಿಸಬಹುದು, ಇನ್ನೂ ವೇಗದ ಓಟವಾದ ಕ್ಯಾಂಟರ್ ಅದರ ನಂತರದ ಮಾತು.